ಮಹಡಿ ಕೋಣೆಯ ತಂಪು

ಕಾದ ತಗಡಿನ ವಾಸನೆ, ಮೂಗಿಗೆ ಒಂದು ಗೇಣಿನಷ್ಟೇ ದೂರ, ಏಣಿಯ ತುದಿಯಲ್ಲಿ ನಿಂತವಳ ಕುತ್ತಿಗೆಯೊಳಕ್ಕೆ ಸೆಕೆ ತಡೆಯಲು ತಗಡಿನಡಿ ತುರುಕುವ ಗ್ಲಾಸ್‌ವುಲ್ಲಿನ, ಆ ಗಾಜಿನ ಹತ್ತಿಯ, ಎಳೆಗಳು ಇಳಿಯುತ್ತಿವೆ, ತುರಿಸಬಾರದು, ತುರಿಸಿದರೆ ಇನ್ನೂ ನಾಟುತ್ತವೆ ಅಂತ ಅಂಗಡಿಯವನು ಹೇಳಿದ್ದ, ಗಂಡನಿಗಲ್ಲ, ಅವಳಿಗೇ, ಕೆಲಸ ಮಾಡುವವರು ಯಾರೆಂದು ಅವನಿಗೂ ಒಂದೇ ನೋಟಕ್ಕೆ ಗೊತ್ತಾಗಿತ್ತು — ಕೆಳಗೆ ಗಂಡ ಏಣಿ ಹಿಡಿದಿದ್ದಾನೆ, ಹಿಡಿದಿದ್ದಾನೆ ಅಂದರೆ ಒಂದು ಕೈ ಏಣಿಗೆ, ಇನ್ನೊಂದು ಫೋನಿಗೆ, ಅದರಲ್ಲಿ ಯಾವನೋ ಚಳಿದೇಶದವನ ವಿಡಿಯೊ, ಹತ್ತಿಗೆ ಅಂಟಿಸಿರೋ ಬೆಳ್ಳಿ ಹಾಳೆ ಕೆಳಗಡೆ ಬರ್ಬೇಕು ಕಣೇ, ಇಲ್ಲಿ ಸರಿಯಾಗಿ ತೋರಿಸ್ತಿದ್ದಾನೆ, ಅವನಿಗೆ ಹಿಮ ರೀ, ನಮಗೆ ಬಿಸಿಲು, ಮೇಲಿಂದ ಬರತ್ತೆ, ಆದ್ರೂ ಅವನು ಎಂಜಿನಿಯರು, ಹೌದು, ನೀವೂ ಎಂಜಿನಿಯರೇ, ಏಣಿ ಹಿಡಿಯೋ ಎಂಜಿನಿಯರು — ಅಳತೆ ತೆಗೆದದ್ದೂ ಈ ಮಹಾಶಯನೇ, ಪ್ರತಿ ತುಂಡೂ ನಾಲ್ಕು ಬೆರಳು ಗಿಡ್ಡ, ಇಪ್ಪತ್ತೆರಡು ವರ್ಷ ಊರವರ ಬಟ್ಟೆ ಕತ್ತರಿಸಿದ ದರ್ಜಿ ಅವಳು, ಅವಳ ಕೈಗೆ ಟೇಪು ಕೊಡಲು ಇವನ ಮರ್ಯಾದೆಗೆ ಕುಂದು, ಈಗ ಸಂದು ಮುಚ್ಚಲು ತೇಪೆ ಹಾಕುವವಳು ಮಾತ್ರ ಅವಳು, ಯಾಕೆಂದರೆ ಈ ಕೋಣೆಯಲ್ಲಿ ಕೂತು ಇವನು ಆತ್ಮಕಥೆ ಬರೆಯುತ್ತಾನಂತೆ, ಮೂವತ್ತು ವರ್ಷ ಟಪಾಲಿಗೆ ನಂಬರು ಹಾಕಿದವನ ಆತ್ಮಕಥೆ, ತಂಪಿಲ್ಲದೆ ತಲೆ ಓಡಲ್ಲ ಕಣೇ, ಅಂತಾನೆ, ಓಡುವ ತಲೆಯಾಗಿದ್ದರೆ ಅದು ಬೇರೆ ಮಾತು — ಇದೇ ತಗಡಿನಡಿ ಅತ್ತೆ ಮೂರು ಬೇಸಿಗೆ ಮಲಗಿದ್ದರು, ಆಗ ಈ ತಂಪಿನ ವಿದ್ಯೆ ಎಲ್ಲಿ ಅಡಗಿತ್ತೋ, ಈ ವರ್ಷ ಹೇಗೋ ಕಳೀಲಿ ಬಿಡಮ್ಮಾ, ಮುಂದಿನ ವರ್ಷ ಮಾಡ್ಸೋಣ, ಅಂತ ಇವನು, ಆಯ್ತಪ್ಪ, ಅಂದಿದ್ದರು ಮುದುಕಿ, ಮೂರು ಸಲವೂ ಆಯ್ತಪ್ಪ, ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಎದೆಯ ಮೇಲೆ ಹರವಿಕೊಳ್ಳುತ್ತ, ಅರ್ಧ ಗಂಟೆಗೆ ಅದು ಒಣಗಿ ರಟ್ಟಿನಂತೆ ಬಿರುಸಾಗುತ್ತಿತ್ತು, ಮತ್ತೆ ಅದ್ದು, ನಾಲ್ಕನೆಯ ಬೇಸಿಗೆಗೆ ಅವರಿರಲಿಲ್ಲ, ಅವರ ಈ ಮಗನಿಗೆ ಸೆಕೆ ಶುರುವಾಯಿತು — ಕೊನೆಯ ತುಂಡನ್ನು ಅವಳು ಮೂಲೆಗೆ ತುರುಕುತ್ತಾಳೆ, ಕೆಳಗಿನಿಂದ, ಆಹಾ, ಆಗ್ಲೇ ತಣ್ಣಗಾಯ್ತು ನೋಡೇ, ಅಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲು, ನಾಚಿಕೆಗೆಟ್ಟವನ ಬೋಳು ನೆತ್ತಿ, ನೇರ ಕೆಳಗೇ ಇದೆ, ಉಗಿದರೆ ತಪ್ಪಲಾರದು, ನಿಮ್ಮಮ್ಮ ಬೇಯ್ತಿದ್ದಾಗ ಎಲ್ಲಿದ್ರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿದೆ, ನೀನೆಲ್ಲಿದ್ದೆ ಅಂತ ತಿರುಗಿ ಕೇಳುವಷ್ಟು ಬುದ್ಧಿ ಇವನಿಗಿಲ್ಲ, ಇವನು ಕೇಳುವುದಿಲ್ಲ, ಆದರೆ — ಆ ಬೇಸಿಗೆಗಳಲ್ಲೊಂದು ಮಧ್ಯಾಹ್ನ, ದಾರದ ಡಬ್ಬಿ ತರಲು ಅವಳು ಮೇಲೆ ಬಂದಿದ್ದಳು, ಅತ್ತೆ ಕೈ ಚಾಚಿದ್ದರು, ಏಳಕ್ಕಾಗ್ತಿಲ್ಲಮ್ಮಾ, ಇದನ್ನೊಂಚೂರು ಅದ್ದಿಕೊಡ್ತೀಯಾ, ಬಂದೇ ಅತ್ತೆ, ಕೆಳಗೆ ಗಿರಾಕಿ ಕಾಯ್ತಿದ್ದಾರೆ, ಈಗ ಬಂದೆ, ಮಷಿನ್ನಿನ ಮೇಲೆ ಕಾಲಿಟ್ಟವಳಿಗೆ ನೆನಪಾದದ್ದು ಸಂಜೆ, ಓಡಿ ಬಂದಾಗ ಕಾದು ಕಾದು ಅವರಿಗೆ ಹಾಗೇ ನಿದ್ದೆ ಹತ್ತಿತ್ತು, ಕೈ ಮಾತ್ರ ಮಂಚದಾಚೆ ಚಾಚಿಯೇ ಇತ್ತು, ಬೆರಳುಗಳಲ್ಲಿ ಟವೆಲ್ಲು, ಒಣಗಿ ರಟ್ಟಿನಂತಾಗಿ — ಏನೇ, ಮುಗೀತಲ್ಲ, ಇಳಿ, ಇಳೀತೀನಿ ರೀ, ಚಾಚಿದ ಕೈ, ಒಣಗಿದ ಟವೆಲ್ಲು, ಕಾಲು ಜೋಪಾನ ಕಣೇ, ಇಳೀತೀನಿ, ಚಾಚಿದ ಕೈ, ಚಾಚಿದ