ಮಿರಜದ ಮಶೀನು ಕಲಿತ ಬೆರಳು

ಮಂಗಸೂಳಿಯಿಂದ ಕಾಗವಾಡಕ್ಕೆ ಹೋಗುವ ದಾರಿಯ ಬದಿಗೆ, ದ್ರಾಕ್ಷಿ ತೋಟಗಳ ಬೆನ್ನಿಗೆ ಒಂದು ಓಣಿ. ಆ ಓಣಿಯವರು ತಲೆಮಾರಿನಿಂದ ಒಂದು ಕಟ್ಟಳೆಯನ್ನು ಕಾಪಾಡಿಕೊಂಡು ಬಂದಿದ್ದರು. ಮಕ್ಕಳು ಮುಂದೆ ಏನು ಕಲಿಯಬೇಕೆಂಬುದನ್ನು ಒಂದೇ ಮನೆಯವರು ನಿರ್ಧರಿಸುವಂತಿರಲಿಲ್ಲ. ರವಿವಾರ ಓಣಿಯ ಬೌದ್ಧ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎಲ್ಲರೂ ಅಲ್ಲಿಯೇ ಕುಳಿತು, ವಾದಿಸಿ, ಜಗಳಾಡಿ, ಕೊನೆಗೆ ಒಂದು ಮಾತಿಗೆ ಬರುತ್ತಿದ್ದರು. ಮಾತಿಗೆ ಬಂದರೆಂದರೆ ಆ ಮಗುವಿನ ಫೀ, ಬಸ್ಸಿನ ಚಾರ್ಜು, ಬುತ್ತಿ ಎಲ್ಲವೂ ಓಣಿಯದೇ. ಹೀಗೆ ಓಣಿ ಬೆನ್ನಿಗೆ ನಿಂತದ್ದರಿಂದಲೇ ಒಬ್ಬ ಮಾಸ್ತರನಾಗಿದ್ದ, ಇನ್ನೊಬ್ಬ ಬಸ್ಸಿನ ಕಂಡಕ್ಟರನಾಗಿದ್ದ. ಆದ್ದರಿಂದ ಆ ಕಟ್ಟಳೆಯ ಬಗ್ಗೆ ಹಗುರವಾಗಿ ಆಡುವ ನಾಲಿಗೆ ಅಲ್ಲಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸರದಿ ಸುಂದರಾಳದಾಯಿತು. ಅವಳ ತಂದೆ ಜ್ಞಾನದೇವ, ಮಂದಿಯ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಛಾಟಣಿ ಕೆಲಸದವನು. ತಾಯಿ ತೀರಿದ ಮೇಲೆ ಅವಳನ್ನು ಸಾಕಿದವಳು ಅಜ್ಜಿ ತುಳಸವ್ವ. ಕನ್ನಡ ಶಾಲೆಯಲ್ಲಿ ಹತ್ತನೆಯದನ್ನು ಮುಗಿಸಿದ್ದ ಸುಂದರಾಳಿಗೆ ನೌಕರಿ ಬೇಕಾಗಿತ್ತು, ಮತ್ತು ಅದು ಬೇಗನೆ ಬೇಕಾಗಿತ್ತು. ರಾಯಬಾಗದ ಒಂದು ಕಚೇರಿಯಲ್ಲಿ ಜವಾನನಾಗಿದ್ದ ಸೋದರಮಾವ ಮಾಯಪ್ಪ, ಅವಳು ತೊಟ್ಟಿಲಲ್ಲಿದ್ದಾಗಲೇ ತನ್ನ ಮಗ ಮಾಳಸಿದ್ದನಿಗೆ ತರುವುದಾಗಿ ಹೇಳಿಟ್ಟಿದ್ದ. ಮಾಳಸಿದ್ದ ಕೆಟ್ಟವನೇನೂ ಅಲ್ಲ. ಆದರೆ ಅವನೊಡನೆ ಬಾಳಬೇಕೆಂದು ಸುಂದರಾಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮಾಯಪ್ಪನೂ ನ್ಯಾಯ ಬಿಟ್ಟವನಲ್ಲ. "ನೌಕರಿ ಹತ್ತಿತು ಅಂದ್ರ ನಿನ್ನ ದಾರಿ ನಿಂದು, ನಾ ಅಡ್ಡ ಬರೂದಿಲ್ಲ. ಹತ್ತಲಿಲ್ಲ ಅಂದ್ರ ನಮ್ಮನಿ ಹೊಸ್ತಿಲಾ ಐತಿ," ಎಂದು ಓಣಿಯ ಎದುರಿಗೇ ಆಡಿದ್ದ. ಆ ಮಾತನ್ನು ಸುಂದರಾ ಗಂಟು ಕಟ್ಟಿಕೊಂಡಿದ್ದಳು.

ಆ ರವಿವಾರ ವಿಹಾರ ಕಿಕ್ಕಿರಿದಿತ್ತು. ಈ ಕಾಲದಲ್ಲಿ ಬಾಳಬೇಕಾದವರಿಗೆ ಯಾವ ವಿದ್ಯೆ ಬೇಕು ಎಂಬುದಕ್ಕೆ ಕುಳಿತವರೆಲ್ಲರಲ್ಲಿಯೂ ಉತ್ತರವಿತ್ತು. ಹೊಲಿಗೆ ಎಂದರು ಹೆಂಗಸರು. ಒಬ್ಬ ಮುದುಕ, ದೊಡ್ಡವರ ಮುಂದೆ ನಿಂತು ಗಂಟಲು ನಡುಗದೆ ಮಾತನಾಡುವುದೇ ಎಲ್ಲಕ್ಕಿಂತ ದೊಡ್ಡ ವಿದ್ಯೆ ಎಂದ.

"ಅದನ್ನ ಕಲಸಾಕ ಸಾಳಿ ಎಲ್ಲೈತಿ ಯಜಮಾನಾ?" ಎಂದಳು ತುಳಸವ್ವ. "ಇದ್ರ ಮೊದಲ ನಿನ್ನ ಕಳಸೂನು. ತ್ವಾಟದ ಧಣಿ ಬಂದ್ರ ನಿನ್ನ ದನಿ ದನದ ಕೊಟಗಿ ಸೇರತೈತಿ."

ನಗೆ ಅಡಗಿದ ಮೇಲೆ ಮಾಯಪ್ಪ ಗಂಟಲು ಸರಿಮಾಡಿಕೊಂಡ. ಕಚೇರಿಯ ಒಳಹೊರಗು ಬಲ್ಲವನೆಂದು ಎಲ್ಲರೂ ಕಿವಿಗೊಟ್ಟರು. "ಸಾಹೇಬ್ರು ಬರತಾರ, ಹೊಕ್ಕಾರ. ಟೈಪ್ ಮಾಡಾವ ಮಾತ್ರ ಕುರ್ಚಿ ಬಿಟ್ಟು ಏಳೂದಿಲ್ಲ. ಟೈಪಿಂಗ್ ಕಲಸ್ರಿ."

ಅದಕ್ಕೆ ಎದುರಾಡಿದವರಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಯಾವ ಭಾಷೆಯ ಮಶೀನು? ಊರು ಇಂದೋ ನಾಳೆಯೋ ಗಡಿಯಾಚೆಯ ಮರಾಠಿ ರಾಜ್ಯಕ್ಕೆ ಹೋಗುತ್ತದೆ ಎಂದು ಸಂತೆಯಲ್ಲಿ ಒಬ್ಬರು ಹೇಳಿದರೆ, ಹೋಗುವುದೇ ಇಲ್ಲ ಎಂದು ಇನ್ನೊಬ್ಬರು ಪಣ ಕಟ್ಟುತ್ತಿದ್ದ ದಿನಗಳವು. ದವಾಖಾನೆಗೂ ಬಾಜಾರಕ್ಕೂ ಆಚೆಯ ಮಿರಜಕ್ಕೇ ಹೋಗುವ ಜನಕ್ಕೆ ಗಡಿ ಎಂಬುದು ಬಸ್ಸು ಒಂದಿಷ್ಟು ನಿಧಾನವಾಗುವ ಜಾಗ, ಅಷ್ಟೇ.

"ನನಗ ಕನ್ನಡ ಛಲೋ ಬರತೈತಿ ಮಾಮಾ," ಎಂದಳು ಸುಂದರಾ.

"ಬರೂದನ್ನ ಏನ್ ಕಲೀತಿ ಬೇ? ಬರದಿದ್ದದ್ದನ್ನ ಕಲೀಬೇಕು. ಕನ್ನಡ ಹೆಂಗೂ ತಲ್ಯಾಗ ಐತಿ. ಮರಾಠಿ ಕೈಯಾಗ ಬಂದ್ರ ಗಡಿ ಅತ್ತಾಗರೆ ಸರಿಲಿ, ಇತ್ತಾಗರೆ ಸರಿಲಿ, ಎರಡೂ ಕಡೆ ನಿನ್ನ ಕುರ್ಚಿ ಇರತೈತಿ."

ಈ ಮಾತು ಎಲ್ಲರಿಗೂ ಸರಿಯೆನಿಸಿತು. ಸುಂದರಾಳಿಗೂ ಆ ಗಳಿಗೆಯಲ್ಲಿ ಅದರಲ್ಲಿ ತಪ್ಪು ಕಾಣಲಿಲ್ಲ.

ಹೀಗೆ ಅವಳು ಮಿರಜದ ಮರಾಠಿ ಟೈಪಿಂಗ್ ಕ್ಲಾಸಿಗೆ ಸೇರಿದಳು. ಅಲ್ಲಿನ ಪದ್ಧತಿ ಕಠಿಣವಾದದ್ದು. ಕೀಲಿಗಳ ಮೇಲೆ ಕರಿಯ ಅರಿವೆಯನ್ನು ಹೊದಿಸಿ, ಅದರ ಅಡಿಗೆ ಕೈಯಿಟ್ಟು ಹೊಡೆಯಬೇಕು. ಬೆರಳಿಗೇ ಕಣ್ಣು ಬರಬೇಕು ಎನ್ನುತ್ತಿದ್ದರು ಅಲ್ಲಿನ ಗುರುಗಳು. ಸುಂದರಾಳ ಬೆರಳಿಗೆ ಕಣ್ಣು ಬಂದವು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ, ಬಸ್ಸಿನಲ್ಲಿ ಮೊಣಕಾಲಿನ ಮೇಲೆ ಬೆರಳುಗಳು ತಾವಾಗಿ ಕುಣಿಯತೊಡಗಿದವು. ಪರೀಕ್ಷೆಯಲ್ಲಿ ಅವಳು ಮೊದಲಿಗಳಾದಳು. ಓಣಿ ಪೇಢೆ ಹಂಚಿತು.

ಗಡಿ ಮಾತ್ರ ಸರಿಯಲಿಲ್ಲ. ಆಚೆಯ ಕಚೇರಿಗಳಲ್ಲಿ ಆಚೆಯ ವಾಸದ ದಾಖಲೆ ಕೇಳಿದರು. ಈಚೆಯ ಕಚೇರಿಗಳಲ್ಲಿ ಕನ್ನಡದ ಟೈಪಿಂಗ್ ಕೇಳಿದರು. ಅಷ್ಟರಲ್ಲಿ ಚಿಕ್ಕೋಡಿಯ ಒಂದು ಕಚೇರಿಗೆ ಟೈಪಿಸ್ಟ್ ಬೇಕೆಂಬ ಸುದ್ದಿ ಬಂತು. ಮಾಯಪ್ಪನೇ ಓಡಿ ಬಂದು ತಿಳಿಸಿದ. ಮಗನಿಗೆ ವಯಸ್ಸಾಗುತ್ತಿದೆ, ಇದೊಂದನ್ನು ನೋಡಿಬಿಡೋಣ ಎಂದನೇ ಹೊರತು ಕೊಟ್ಟ ಮಾತನ್ನು ಮುರಿಯಲಿಲ್ಲ. ಓಣಿ ಮತ್ತೊಮ್ಮೆ ಕೂಡಿತು; ಸುಂದರಾಳನ್ನು ಚಿಕ್ಕೋಡಿಯ ಧರಣೇಂದ್ರ ಮಾಸ್ತರರ ಕನ್ನಡ ಟೈಪಿಂಗ್ ಕ್ಲಾಸಿಗೆ ಹಚ್ಚಿತು.

ಕನ್ನಡದ ಮಶೀನಿನ ಎದುರು ಕುಳಿತ ಮೊದಲ ದಿನವೇ ಅವಳಿಗೆ ಗೊತ್ತಾಯಿತು, ಇಲ್ಲಿ ಅಕ್ಷರಗಳ ಜಾಗವೇ ಬೇರೆ. ತಲೆ ಹೇಳಿದ ಅಕ್ಷರ ಒಂದು, ಬೆರಳು ಒತ್ತಿದ್ದು ಇನ್ನೊಂದು. ನಿಧಾನವಾಗಿ, ನೋಡಿನೋಡಿ ಒತ್ತಿದರೆ ಸಾಲು ಸರಿಯಾಗುತ್ತಿತ್ತು. ವೇಗ ಹೆಚ್ಚಿತೆಂದರೆ ಬೆರಳುಗಳು ಅವಳನ್ನು ಕೇಳದೆ ಮಿರಜದ ದಾರಿ ಹಿಡಿಯುತ್ತಿದ್ದವು. ಧರಣೇಂದ್ರ ಮಾಸ್ತರರು ಬೈದು ನೋಡಿದರು, ಸಮಾಧಾನ ಹೇಳಿ ನೋಡಿದರು. ಕೊನೆಗೆ ಜ್ಞಾನದೇವನನ್ನು ಬದಿಗೆ ಕರೆದರು.

"ಏನೂ ಬರದವರನ್ನ ಕರಕೊಂಡು ಬರ್ರಿ, ಕಲಿಸಿ ಕೊಡತೀನಿ. ಇಕಿ ಕೈಯಾಗ ಇದ್ದದ್ದನ್ನ ತಗೀಯೂದು ನನ್ನಿಂದ ಆಗವಲ್ದು ನೋಡ್ರಿ."

"ಹಂಗಂದ್ರ ಹೆಂಗ್ರಿ ಸರ? ಹುಡುಗಿ ಫಸ್ಟ್ ಬಂದೈತ್ರಿ."

"ಫಸ್ಟ್ ಬಂದದ್ದಕ್ಕ ಹಿಂಗಾಗೇತ್ರಿ," ಎಂದರು ಮಾಸ್ತರರು.

ಜ್ಞಾನದೇವ ಇದನ್ನು ಓಣಿಯಲ್ಲಿ ಹೇಳಲಿಲ್ಲ. ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ. ಹೆಚ್ಚು ಕಲಿತದ್ದು ಕಲಿಯುವುದಕ್ಕೆ ಅಡ್ಡಬರುತ್ತದೆ ಎಂಬ ಮಾತನ್ನು ಕೇಳಿದ ಕಿವಿ ಆ ಓಣಿಯಲ್ಲಿರಲಿಲ್ಲ.

ಚಿಕ್ಕೋಡಿಯ ಕಚೇರಿಯ ಪರೀಕ್ಷೆಯ ದಿನ ಅವಳ ಜೊತೆಗೆ ತಂದೆ, ಅಜ್ಜಿ, ಮಾಯಪ್ಪ ಎಲ್ಲರೂ ಬಸ್ಸು ಹತ್ತಿದರು. ಅವರು ಕಚೇರಿಯ ಹೊರಗೆ ಬೇವಿನ ಗಿಡದಡಿ ಕುಳಿತರು. ಸುಂದರಾ ಒಳಗೆ ಹೋದಳು. ಗಂಟೆ ಹೊಡೆಯಿತು. ಮೊದಲ ಸಾಲು ಸರಿಯಾಗಿ ಬಂತು, ಎರಡನೆಯದೂ ಬಂತು. ಅಷ್ಟರಲ್ಲಿ ಅಕ್ಕಪಕ್ಕದ ಮಶೀನುಗಳು ಆಲಿಕಲ್ಲಿನ ಮಳೆಯಂತೆ ಸದ್ದು ಮಾಡತೊಡಗಿದವು. ಹಿಂದೆ ಉಳಿದೇನೆಂಬ ಅಂಜಿಕೆಯಿಂದ ಅವಳು ವೇಗ ಹೆಚ್ಚಿಸಿದಳು. ಎಡಗೈ ತಪ್ಪಿತು, ಅದನ್ನು ತಿದ್ದಲು ನೋಡುವಷ್ಟರಲ್ಲಿ ಬಲಗೈಯೂ ಅದರ ಹಿಂದೆಯೇ ಹೋಯಿತು. ಹಾಳೆಯ ಮೇಲೆ ಮೂಡುತ್ತಿದ್ದವು ಕನ್ನಡದ ಅಕ್ಷರಗಳೇ, ಆದರೆ ಯಾವ ಮನುಷ್ಯನೂ ಆಡದ ಮಾತು. ಅಳಿಸುವಂತಿರಲಿಲ್ಲ, ಹೊಸ ಹಾಳೆ ಬೇಡುವಂತಿರಲಿಲ್ಲ. ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುವರೆಂದು ಅವಳು ನಿಲ್ಲಿಸಲೂ ಇಲ್ಲ. ತನ್ನ ಕೈಗಳು ಯಾರದೋ ಕೈಗಳಂತೆ ದುಡಿಯುವುದನ್ನು ನೋಡುತ್ತ ಕೊನೆಯ ಗಂಟೆಯವರೆಗೂ ಹೊಡೆದಳು.

ಹೊರಗೆ ಬಂದಾಗ ಅವಳ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು. ತುಳಸವ್ವ ಸೆರಗಿನಿಂದ ಅವಳ ಹಣೆ ಒರಸಿದಳು. ಮಾಯಪ್ಪ ಚಹಾ ತಂದುಕೊಟ್ಟ.

"ಇರ್ಲಿ ಬಿಡವಾ. ಈಗ ಟೈಪಿಂಗ್ ದಿನ ಮುಗೀತಂತ. ಕೊಲ್ಲಾಪುರದಾಗ ಕಂಪ್ಯೂಟರ್ ಕಲಸಾಕತ್ತಾರಂತ. ಇನ್ನ ಓಣ್ಯಾಗಿನ ಸಣ್ಣ ಹುಡುಗ್ಯಾರನ್ನ ಅದಕ್ಕ ಹಚ್ಚೂನು," ಎಂದ. ಅವನ ದನಿಯಲ್ಲಿ ಗೆದ್ದವನ ಸೊಕ್ಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಅವಳು ಅವನ ಮೇಲಾದರೂ ಸಿಟ್ಟಾಗುತ್ತಿದ್ದಳು.

ಮರಳುವ ಬಸ್ಸಿನಲ್ಲಿ ಮಾಯಪ್ಪ ಅವಳನ್ನು ಕಿಟಕಿಯ ಬದಿಗೆ ಕೂರಿಸಿ, ತಾನು ನಿಂತುಕೊಂಡ. ಹೊಳೆ ದಾಟಿದ ಮೇಲೆ ಅವನೇ ಮೆಲ್ಲಗೆ, ಕಬ್ಬಿನ ಸುಗ್ಗಿ ಮುಗಿದ ಮೇಲೆ ಅಕ್ಷತೆ ಹಾಕಿದರೆ ಹೇಗೆ ಎಂದು ಜ್ಞಾನದೇವನನ್ನು ಕೇಳಿದ. ಜ್ಞಾನದೇವ ಮಗಳ ಕಡೆಗೆ ತಿರುಗಿದ.

"ಏನ್ ಅಂತಿ, ಅವ್ವಾ?"

ಅವಳಿಗೆ ಏನು ಬೇಕೆಂದು ಆ ಮಂದಿ ನೇರವಾಗಿ ಕೇಳಿದ್ದು ಅದೇ ಮೊದಲು. ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು. ಬೇಡ ಎನ್ನಬೇಕೆಂದರೆ ಮುಂದೆ ಹೇಳಲು ಅವಳ ಬಳಿ ಏನೂ ಉಳಿದಿರಲಿಲ್ಲ.

"ನೀವು ಅಂದಂಗ," ಎಂದಳು ಸುಂದರಾ.

ತುಳಸವ್ವ ಆಚೆಗೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಗಂಡಸರು ಬೀಗರೂಟಕ್ಕೆ ಯಾವ ಅಡಿಗೆಯವನನ್ನು ಹೇಳಬೇಕೆಂಬ ಮಾತಿಗೆ ತೊಡಗಿದರು.