ಗೋಂದು ಹಿಡಿಯುವವರೆಗೆ

ಗೋಂದಿಗೆ ಮಂತ್ರ ಹಾಕ್ತಿದಾನೆ ನೋಡ್ರೋ ನಮ್ಮ ಬೆಂಕಿಪೊಟ್ಟಣ — ಮೇಸ್ತ್ರಿಯ ದನಿ ಬೈಂಡಿಂಗ್ ಶಾಪಿನ ಈ ಗೋಡೆಯಿಂದ ಆ ಗೋಡೆಗೆ ಹೋಯಿತು, ಊಟದ ಡಬ್ಬಿ ಬಿಚ್ಚಿ ಕೂತಿದ್ದ ಹಾಳೆ ಮಡಿಸುವ ಹೆಂಗಸರ ಕೈ ಬಾಯಿಗೆ ಹೋಗದೆ ನಿಂತವು, ಕಟಿಂಗ್ ಮಿಷನ್ನಿನವನು ಹಲ್ಲು ಬಿಟ್ಟ, ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ, ಇವನ ಅತ್ತೆನೂ ಹೀಗೇ ತುಟಿ ಅಲ್ಲಾಡಿಸಿ ಅಲ್ಲಾಡಿಸಿ ಸತ್ಲಲ್ಲ, ಬಂದನೇನೋ ದೇವರು, ಹಿಡ್ಕೊಂಡನೇನೋ ಅವಳ ಕೈನ? — ನಾಲ್ಕು, ಬೆಂಕಿಪೊಟ್ಟಣ ಒಳಗೇ ಎಣಿಸಿದ, ಇದು ನಾಲ್ಕನೆಯ ಸಲ, ಇನ್ನು ಮೂರು, ಬಾಯಿ ತೆರೆಯಕೂಡದು, ಪ್ರೆಸ್ಸಿನ ತಿರುಪಿನ ಮೇಲಿದ್ದ ಕೈ ಮಾತ್ರ ಬಿಳಿಚಿಕೊಂಡಿತು. ಎರಡು ಹಲಗೆಗಳ ನಡುವೆ ಅತ್ತೆಯ ಪ್ರಾರ್ಥನೆಯ ಪುಸ್ತಕ ಬೆನ್ನು ಮೇಲೆ ಮಾಡಿಕೊಂಡು ನಿಂತಿದೆ, ಬೆನ್ನಿನ ಗೋಂದು ಇನ್ನೂ ಹಸಿ. ಗೋಡೆಯ ಗಡಿಯಾರವನ್ನು ಅತ್ತೆ, ಅಪ್ಪನ ಅಕ್ಕ, ಈ ಕೆಲಸ ಕಲಿಸಿದವಳು, ಯಾವತ್ತೂ ಲೆಕ್ಕಕ್ಕೆ ಇಟ್ಟವಳಲ್ಲ, ಗೋಂದು ಹಿಡಿಯಲು ಏಳು ಸಲ ಪ್ರಾರ್ಥನೆ, ಸಲಕ್ಕೆ ಅರ್ಧ ಸುತ್ತು ತಿರುಪು, ನಡುವೆ ಬೇರೆ ಮಾತು ಬಂದರೆ ಎಣಿಕೆ ಕೆಟ್ಟಿತು, ಎಣಿಕೆ ಕೆಟ್ಟರೆ ಬೆನ್ನು ಸೊಟ್ಟ — ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಹಾಗೇ ಕೆಡಿಸಿದ್ದ, ಯಾರೋ ಶಾಲೆ ಬಿಟ್ಟ ದಡ್ಡ ಅಂದರು, ಇವನು ಉರಿದುಬಿದ್ದ, ಪುಸ್ತಕ ಗೂನಾಯಿತು, ಅತ್ತೆ ಬೈಯಲಿಲ್ಲ, ದಾರ ಬಿಚ್ಚುತ್ತ ಕೂತಳು, ದಾರ ಎಳೆದು ಎಳೆದು ಗೆರೆಬಿದ್ದ ಹೆಬ್ಬೆರಳು, ಆ ಗೆರೆಯಲ್ಲಿ ದಾರ ತಾನಾಗಿ ಹೋಗಿ ಕೂರುತ್ತಿತ್ತು, ಓದೋಕಾಗಲ್ವಾ, ಬೇಡ ಬಿಡು ಮರಿ, ಓದೋರಿಗೆ ಪುಸ್ತಕ ಕಟ್ಟಿಕೊಡು, ಅದೇನು ಸಣ್ಣ ಕೆಲಸಾನಾ, ಅಂದಳು.

ಐದು. ಹಿಡಿದ ಕೈ ಬಿಡಬೇಡ ತಂದೆ, ಹೊಲಿದದ್ದು ಬಿಚ್ಚದಂತೆ ನೋಡಿಕೋ — ಅವನಿಗೆ ಆ ತಂದೆ ಎಂಬ ದೇವರ ಮೇಲೆ ಹಲ್ಲು ಮಸೆಯುವಷ್ಟು ಸಿಟ್ಟಿದೆ, ಆದರೂ ಮಾತುಗಳು ಅವಳ ದನಿಯಲ್ಲೇ ಬರುತ್ತವೆ, ಅವಳ ಉಬ್ಬಸ ಎಲ್ಲಿ ತಡೆಯುತ್ತಿತ್ತೋ ಅಲ್ಲೇ ಇವನ ಉಸಿರೂ ತಡೆಯುತ್ತದೆ. ಮೂರು ಕಡೆ ಕೆಲಸ ಬಿಡಿಸಿಕೊಂಡವನು ಅವನು, ಮೂಗಿನ ತುದಿಯಲ್ಲೇ ಕೋಪ, ಕೈಗೆಟುಕುವಷ್ಟು ಹತ್ತಿರ ಸುತ್ತಿಗೆ ಇದೆ, ಮೇಸ್ತ್ರಿಯ ಬೊಕ್ಕತಲೆಯೂ ಇದೆ, ಎರಡಕ್ಕೂ ಜೋಡಿ ಚೆನ್ನಾಗಿ ಕೂರುತ್ತದೆ. ಏನೋ, ಬಾಯಿಗೂ ಗೋಂದು ಹಚ್ಕೊಂಡಿದೀಯಾ? — ನಕ್ಕರು, ನಗಲಿ, ಈ ಬೆನ್ನು ಮುರಿದದ್ದು ಯಾರೆಂದು ಅವರಿಗೇನು ಗೊತ್ತು, ಅತ್ತೆ ಹೋದ ದಿನ ಆಸ್ಪತ್ರೆಯ ವರಾಂಡದಲ್ಲಿ ಇದನ್ನೇ ಗೋಡೆಗೆ ಬೀಸಿ ಎಸೆದವನು ಅವನು, ತಗೋ ನಿನ್ನ ಪ್ರಾರ್ಥನೆ ಎಂದು ಯಾರಿಗೋ ಕೂಗಿದವನು, ಹಾಳೆಗಳು ನೆಲದ ತುಂಬ, ಒಬ್ಬ ನರ್ಸು ಮಂಡಿಯೂರಿ ಆಯ್ದುಕೊಟ್ಟಳು. ಮನೆಯಲ್ಲಿ ಅಪ್ಪ ದಿನಾ ಕೇಳುತ್ತಾನೆ, ಅಕ್ಕನ ಪುಸ್ತಕ ಎಲ್ಲಿಟ್ಟೆಯೋ, ತಲೆಯ ಹತ್ತಿರ ಇಟ್ಕೊಂಡು ಮಲಗ್ತೀನಿ ಕೊಡೋ, ಭದ್ರವಾಗಿದೆ ಅಪ್ಪಾ ಎಂದು ನಲವತ್ತು ದಿನ ಸುಳ್ಳು ಹೇಳಿದ್ದಾಯಿತು, ಇವತ್ತು ಸುಳ್ಳು ಮುಗಿಯಬೇಕು, ಸೊಟ್ಟ ಬೆನ್ನಿನ ಪುಸ್ತಕ ಆ ಮುದುಕನ ತಲೆಯ ಹತ್ತಿರ ಹೋಗಕೂಡದು.

ಆರು, ತಿರುಪು ಅರ್ಧ ಸುತ್ತು, ಪುಸ್ತಕ ಮೆಲ್ಲಗೆ ನರಳಿತು. ಹಿಡ್ಕೊಂಡನೇನೋ ಅವಳ ಕೈನ — ಉತ್ತರ ಇದೆ, ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ಅವಳ ಹೆಬ್ಬೆರಳು ಹೊದಿಕೆಯ ಅಂಚನ್ನು ಸವರುತ್ತಿತ್ತು, ಒಂದೊಂದೇ ಹಾಳೆ ಸರಿಯಾಗಿದೆಯಾ ಎಂದು ನೋಡುವ ಹಾಗೆ, ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ದೇವರು ಬರಲ್ಲ ಅತ್ತೆ, ಸುಮ್ಮನಿರು, ಎಂದಿದ್ದ, ಎಂಥ ಮಾತು ಆಡಿದೆನಪ್ಪಾ, ಅವಳು ನಕ್ಕಳು, ಹಲ್ಲಿಲ್ಲದ ನಗು, ಕಳಿಸಿದಾನಲ್ಲೋ ನಿನ್ನ, ಇನ್ನೇನು ಬೇಕು — ಆಮೇಲೆ ಹೆಬ್ಬೆರಳು ಅವನ ಅಂಗೈಯಲ್ಲಿ ಇನ್ನೊಂದು ಹಾಳೆ ಸವರಿತು, ನಿಂತಿತು.

ಏಳು. ತಿರುಪು ಬಿಚ್ಚಿದ, ಪುಸ್ತಕವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಬೆನ್ನು ಗೀಟು ಎಳೆದಂತೆ ನೆಟ್ಟಗಿತ್ತು. ಒಳರಟ್ಟಿನ ಮೂಲೆಯಲ್ಲಿ ಕಂದು ಕಲೆ, ಇವನು ಹುಟ್ಟುವ ಮೊದಲು ಅವಳು ಇದನ್ನು ಕಟ್ಟುವಾಗ ಗೋಂದಿನ ಹೆಬ್ಬೆರಳಲ್ಲಿ ಒತ್ತಿದ್ದು, ನಡುವೆ ಆ ಗೆರೆ. ಊಟದ ಹೊತ್ತು ಇನ್ನೂ ಕಾಲು ಗಂಟೆ ಇತ್ತು, ಮನೆಗೆ ಓಡಿ ಅಪ್ಪನ ಕೈಗೆ ಕೊಟ್ಟು ಬರಬಹುದು. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತಿದ್ದ, ಕೇಳಿದ್ದಕ್ಕೆ ಜವಾಬು ಕೊಡೋ, ಗಂಡಸಲ್ವಾ ನೀನು? — ಈಗ ಎಣಿಕೆ ಮುಗಿದಿದೆ, ಬಾಯಿ ತೆರೆಯಬಹುದು, ತೆರೆದರೆ ಸಿಟ್ಟಿಗೆ ಯಾರ ಕಾವಲೂ ಇಲ್ಲ, ಮೇಸ್ತ್ರಿಯ ಕಣ್ಣನ್ನೇ ನೋಡಿದ, ಮೇಸ್ತ್ರಿಯೇ ಒಂದು ಹೆಜ್ಜೆ ಸರಿದ, ಇವನು ಹೊರಗೆ ನಡೆದ, ಬಿಸಿಲು, ಬಸ್ಸು, ಯಾರೋ ಹೆಸರು ಹಿಡಿದು ಕೂಗಿದರು, ತಿರುಗಲಿಲ್ಲ, ಎದೆಗವಚಿದ ಪುಸ್ತಕದೊಳಗೆ ಅವನ ಬೆರಳು ಆ ಕಲೆಯನ್ನು ತಡವಿಕೊಂಡೇ ಹೋಯಿತು, ಹೆಬ್ಬೆರಳು, ಗೆರೆಬಿದ್ದ ಹೆಬ್ಬೆರಳು, ಹೆಬ್ಬೆರಳು —