ಮಾಂಡವಿಯ ತಿಪ್ಪಮ್ಮ

ಗುಜರಾತಿನಲ್ಲಿ ಭೂಕಂಪವಾದ ವರ್ಷ, ಕಛ್ ಕಡೆ ಬಿದ್ದುಹೋದ ಕರೆಂಟ್ ಕಂಬಗಳನ್ನು ನಿಲ್ಲಿಸಲು ಹೋದವರಲ್ಲಿ ಗುಬ್ಬಿಯ ಲೈನ್‌ಮನ್ ರವೀಶ್ ಕೂಡ ಇದ್ದ. ಕೆಲಸ ಮುಗಿಯುತ್ತಾ ಬಂದಾಗ, ಒಂದು ಭಾನುವಾರ ಸಮುದ್ರ ನೋಡಬೇಕೆಂದು ಮಾಂಡವಿ ಎಂಬ ಬಂದರಿನ ಊರಿಗೆ ಹೋದ.

ಅಲ್ಲಿ ಹೊಳೆಯ ದಂಡೆಯಲ್ಲಿ ಮರದ ಹಡಗೊಂದನ್ನು ಕಟ್ಟುತ್ತಿದ್ದರು. ಎರಡಂತಸ್ತಿನ ಮನೆಗಿಂತ ಎತ್ತರವಾಗಿ ಮಣ್ಣಿನ ಮೇಲೆ ನಿಂತಿದ್ದ ಅದರ ಹೊಟ್ಟೆಯಡಿ ಹೋಗಿ ರವೀಶ್ ಕತ್ತು ನೋಯುವವರೆಗೂ ಮೇಲೆ ನೋಡಿದ. ಹಡಗಿನ ಮುದಿ ಯಜಮಾನ ಹತ್ತಿರ ಬಂದು, ಯಾವ ಊರೆಂದು ಹಿಂದಿಯಲ್ಲಿ ಕೇಳಿದ. ರವೀಶ್ ಮೈಸೂರು ಸೀಮೆ ಎಂದ.

"ಹಾಗಾದರೆ ಹೇಳು, ತಿಪ್ಪಮ್ಮ ಎಂದರೆ ಏನು?"

ರವೀಶ್ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡ. ಮುದುಕ ಹಡಗಿನ ಹಿಂಬದಿಯಲ್ಲಿ ಕೆತ್ತಿದ್ದ ಗುಜರಾತಿ ಅಕ್ಷರಗಳನ್ನು ತೋರಿಸಿ ಮತ್ತೆ ಅದೇ ಹೆಸರು ಹೇಳಿದ.

"ಹಳೇ ಕಾಲದ ಹೆಂಗಸರ ಹೆಸರು," ಎಂದ ರವೀಶ್. "ನಮ್ಮ ತಾತನ ತಾಯಿಗೂ ಅದೇ ಹೆಸರಿತ್ತು."

"ನಾವು ಯಾವುದೋ ದೇವಿ ಎಂದುಕೊಂಡಿದ್ದೆವು. ಎರಡನೇ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೊರಟಿದ್ದ ಸಿಪಾಯಿಗಳ ಹಡಗು ಮುಳುಗಿತು. ನಮ್ಮಪ್ಪ ತನ್ನ ಹಾಯಿ ಹಡಗಿಗೆ ಅವರನ್ನು ಹತ್ತಿಸಿಕೊಂಡ. ಈ ಹೆಸರು ಇಟ್ಟವರು ಅವರೇ. ಆ ಹಡಗು ಹಳತಾದ ಮೇಲೆ ಇನ್ನೊಂದು ಕಟ್ಟಿದೆವು, ಆಮೇಲೆ ಮತ್ತೊಂದು. ಹೆಸರು ಮಾತ್ರ ಬದಲಾಯಿಸಲಿಲ್ಲ."

ರವೀಶ್ ಅಲ್ಲೇ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕುಳಿತುಬಿಟ್ಟ. ಅವನ ತಾತ ಗಂಗಹನುಮಯ್ಯ ಆ ಯುದ್ಧಕ್ಕೆ ಹೋಗಿ ಬಂದವರು. ಯಾರು ಕೇಳಿದರೂ "ಬುಡು, ಅದೇನ್ ದೊಡ್ಡ ವಿಷ್ಯ" ಎಂದು ಎದ್ದು ಹೋಗುತ್ತಿದ್ದರು.

ಊರಿಗೆ ಬಂದವನೇ ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ತಾತನಿದ್ದ ಅಮೃತೂರಿಗೆ ಹೋದ. ತಾತ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ರವೀಶ್ ಎಲ್ಲವನ್ನೂ ಹೇಳಿದ. ಅವರ ಬಾಯಿ ಆಡುವುದು ನಿಂತಿತು.

"ಆ ಹಡಗು ಇನ್ನೂ ತೇಲ್ತಾ ಅದಾ?"

"ಅದಲ್ಲ ತಾತ. ಅದರ ಮಗಳೋ ಮೊಮ್ಮಗಳೋ."

ಗಂಗಹನುಮಯ್ಯ ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದು ಕುಳಿತರು. "ನಮ್ ಹಡಗಿಗೆ ನೀರಿನ್ ಕೆಳಗಿಂದ ಅದೇನೋ ಟಾರ್ಪಿಡೋ ಅಂತೆ, ಬಂದು ಬಡೀತು. ನನಗೆ ಈಜು ಬರ್ತಿರ್ಲಿಲ್ಲ, ಒಂದ್ ಹಲಗೆ ಸಿಕ್ತು. ಸುತ್ತಾ ಎಲ್ರೂ ಅವರವರ ಭಾಷೇಲಿ ಅವ್ವ ಅವ್ವ ಅಂತ ಕೂಗೋರು. ಅಷ್ಟು ಜನದಲ್ಲಿ ನಾನೂ ಅವ್ವ ಅಂದ್ರೆ ನಮ್ಮವ್ವಂಗೆ ಹೆಂಗ್ ಗೊತ್ತಾಗ್ತದೆ? ಅದಕ್ಕೇ ಹೆಸರು ಹಿಡಿದು ಕೂಗ್ದೆ. ತಿಪ್ಪಮ್ಮ, ತಿಪ್ಪಮ್ಮ ಅಂತ. ಗಂಟ್ಲು ಕಟ್ಟೋಗಂಟ ಕೂಗ್ದೆ."

ಒಳಗಿದ್ದ ಅವರ ಮಗಳು ವನಜಮ್ಮ ಬಾಗಿಲಿಗೆ ಬಂದು ನಿಂತಳು.

"ಆ ಹಾಯಿ ಹಡಗು ದೂರದಲ್ಲಿ ಹೋಗ್ತಿತ್ತು. ಕೂಗು ಕೇಳಿ ಹಾಯಿ ತಿರುಗಿಸಿದ್ರಂತೆ. ಹೊಸಾ ಹಡಗು, ಇನ್ನೂ ಹೆಸರಿಟ್ಟಿರ್ಲಿಲ್ಲ. ಬದುಕಿದೋರು ನೀವೇ ಇಡ್ರಪ್ಪ ಅಂದ ಯಜಮಾನ. ಒಬ್ಬೊಬ್ರು ಒಂದೊಂದು ದೇವ್ರ ಹೆಸರು ಅಂದ್ರು. ಆಗ ಒಬ್ಬ ಪಂಜಾಬಿ ಸರ್ದಾರ ನನ್ ಕಡೆ ಕೈ ತೋರಿಸ್ದ. ಇವ್ನು ಕೂಗಿದ್ ಹೆಸರೇ ಇಡಿ, ನಾನು ಆ ಕೂಗಿನ್ ದಿಕ್ಕಿಗೇ ಈಜ್ಕಂಡ್ ಬಂದೋನು ಅಂದ. ಇನ್ನೂ ಒಂದಿಬ್ರು ನಾವೂ ಹಂಗೇ ಅಂದ್ರು."

"ತಿಪ್ಪಮ್ಮಜ್ಜಿಗೆ ಯಾಕಪ್ಪ ಹೇಳ್ಲಿಲ್ಲ?" ಎಂದಳು ವನಜಮ್ಮ.

"ಸಿಪಾಯಿ ಆದೋನು ಅವ್ವನ್ ಹೆಸರು ಕೂಗ್ಕಂಡು ಅತ್ಬುಟ್ಟೆ ಅಂತ ಹೆಂಗವ್ವ ಹೇಳ್ಲಿ? ಅವಳು ಕುಣಿಗಲ್ ಕೆರೆಗಿಂತ ದೊಡ್ಡ ನೀರು ಕಂಡೋಳಲ್ಲ. ಹೇಳಿದ್ರೂ ನಂಬ್ತಿರ್ಲಿಲ್ಲ."

ರವೀಶ್ ಇದನ್ನೆಲ್ಲ ಮಾಂಡವಿಯ ಯಜಮಾನನಿಗೆ ಕಾಗದ ಬರೆದು ತಿಳಿಸಿದ. ಕೆಲವು ತಿಂಗಳ ನಂತರ ಅಲ್ಲಿಂದ ಫೋನ್ ಬಂತು. ಹುಣ್ಣಿಮೆಯ ಉಬ್ಬರದ ದಿನ ಹಡಗನ್ನು ನೀರಿಗಿಳಿಸುತ್ತಾರೆ, ತಾತನನ್ನು ಕರೆದುಕೊಂಡು ಬಾ ಎಂದು ಯಜಮಾನ ಹೇಳಿದ. ಈ ವಯಸ್ಸಿನಲ್ಲಿ ಅಷ್ಟು ದೂರ ಬೇಡವೆಂದು ವನಜಮ್ಮ ಎಷ್ಟು ಹೇಳಿದರೂ ಗಂಗಹನುಮಯ್ಯ ಕೇಳಲಿಲ್ಲ.

ಅಂದು ಮಧ್ಯಾಹ್ನ ಹೊಳೆಯ ನೀರು ಮೆಲ್ಲಗೆ ಏರಿ ಹಡಗಿನ ಹೊಟ್ಟೆಯ ಅರ್ಧಕ್ಕೆ ಬಂತು. ಯಜಮಾನ ಗಂಗಹನುಮಯ್ಯನವರನ್ನು ದಂಡೆಯ ಅಂಚಿಗೆ ಕರೆತಂದು, ಎರಡೂ ಕೈ ಹಿಡಿದು ಹಡಗಿನ ಹಲಗೆಯ ಮೇಲೆ ಇಡಿಸಿದ. ಮರ ಒಮ್ಮೆ ನಡುಗಿ, ಅಷ್ಟು ದೊಡ್ಡ ಹಡಗು ಅವರ ಅಂಗೈಯಡಿಯಲ್ಲೇ ನೆಲ ಬಿಟ್ಟು ಮೇಲೆದ್ದಿತು. ಹಗ್ಗ ಹಿಡಿದಿದ್ದ ನೂರಾರು ಜನ ಒಂದೇ ದನಿಯಲ್ಲಿ ತಿಪ್ಪಮ್ಮನ ಹೆಸರು ಹೇಳಿ ಎಳೆದರು. ಹಿಂದೂಗಳು, ಮುಸಲ್ಮಾನರು, ಹೆಂಗಸರು, ಮಕ್ಕಳು, ಒಬ್ಬರೂ ಅವಳನ್ನು ಕಂಡವರಲ್ಲ. ತಾತ ಮೊಣಕಾಲುದ್ದದ ನೀರಿನಲ್ಲಿ ಕೈ ಮುಗಿದು ನಿಂತಿದ್ದರು. ಹಡಗು ಹೊಳೆಯ ತಿರುವು ದಾಟಿ ಸಮುದ್ರದತ್ತ ಹೋದ ಮೇಲೂ ಅಲ್ಲಿಂದ ಕದಲಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವರು ಕಿಟಕಿ ಪಕ್ಕ ಕುಳಿತು, ಕೇಳದೆಯೇ ಮಾತು ಶುರು ಮಾಡಿದರು. ಹಲಗೆಯ ಇನ್ನೊಂದು ತುದಿ ಹಿಡಿದಿದ್ದವನ ಹೆಸರು, ಅವನ ಊರು, ಅವನು ಕೈ ಬಿಟ್ಟ ಗಳಿಗೆ. ಆಮೇಲೆ ಮತ್ತೊಬ್ಬನ ಹೆಸರು. ಗುಬ್ಬಿ ದಾಟಿ, ಇಳಿಯಬೇಕಿದ್ದ ತುಮಕೂರು ಬಂದಾಗ, ಅವರ ಮಾತು ತಡೆಯಲು ಮನಸ್ಸಾಗದೆ ರವೀಶ್ ಚೀಲ ಹೆಗಲಿಗೇರಿಸಿಕೊಂಡು ಕೇಳುತ್ತಲೇ ನಿಂತಿದ್ದ.